ಹೂದಾನಿಯೊಳಗಿನ ಮೈಕು

ಜರ್ಮನಿಯಲ್ಲಿ ಸಿನಿಮಾ ಆಗಷ್ಟೇ ಮಾತು ಕಲಿತಿದ್ದ ಕಾಲದ ಒಂದು ನಗೆಚಿತ್ರ. ಅದಕ್ಕೂ ಮೊದಲು ಅದು ನಾಟಕವಾಗಿತ್ತು. ಮೈಥಿಲಿ ಅದನ್ನು ಕನ್ನಡಕ್ಕೆ ತಂದು ಮತ್ತೆ ನಾಟಕವಾಗಿಸಿದಳು. ದೊಡ್ಡವರ ಸಹವಾಸದ ಹುಚ್ಚು ಹಿಡಿದ ಗಂಡ, ಪಾರ್ಟಿಗೆ ಬಂದವರ ಮುಂದೆ ಹೆಂಡತಿಯನ್ನು ಮನೆಗೆಲಸದವಳು ಎಂದುಬಿಡುತ್ತಾನೆ. ಅಲ್ಲಿಂದ ನಗು ಶುರು. ಕೊನೆಗೆ ಅವಳು ಏಪ್ರನ್ ಬಿಚ್ಚಿ ಅವನ ಕೈಗಿಟ್ಟು, ಎಲ್ಲರೆದುರೇ ಹೊರಟುಹೋಗುತ್ತಾಳೆ.

ಆಸ್ಟ್ರೇಲಿಯಾದ ಮೂರು ಊರುಗಳ ಕನ್ನಡ ಸಂಘಗಳಲ್ಲಿ ಅದನ್ನು ಆಡುವುದೆಂದು ಗೊತ್ತಾಗಿತ್ತು. ಆ ಕೊನೆಯನ್ನು ಮಾತ್ರ ಇನ್ನೂ ಯಾರೂ ನೋಡಿರಲಿಲ್ಲ. ಪರ್ತ್‌ನ ಬೆಂಟ್ಲಿಯಲ್ಲಿ ಬಿಸಿಬೇಳೆಬಾತ್ ಆರಿಹೋಗುತ್ತದೆಂದು ಪರದೆ ಎಳೆದರು. ಬ್ರಿಸ್ಬೇನ್‌ನ ಫಾರೆಸ್ಟ್ ಲೇಕ್‌ನಲ್ಲಿ ಪ್ರಾಯೋಜಕರ ಸನ್ಮಾನಕ್ಕೆ ಹೊತ್ತಾಯಿತೆಂದು ಎಳೆದರು. ನಮ್ಮ ಕನ್ನಡ ಸಂಘಗಳಲ್ಲಿ ನಾಟಕಕ್ಕಿಂತ ದೊಡ್ಡವು ಎಷ್ಟೊಂದಿವೆ ನೋಡಿ! ಎರಡೂ ಸಲ ಹೆಂಡತಿಯ ಪಾತ್ರದ ಮೈಥಿಲಿ ಏಪ್ರನ್ ಕಟ್ಟಿಕೊಂಡೇ ವೇದಿಕೆಯಿಂದ ಇಳಿದಿದ್ದಳು.

ಉಳಿದದ್ದು ಅಡಿಲೇಡ್ ಒಂದೇ. ಅಲ್ಲಿನ ಮಾಡ್ಬರಿ ಬಡಾವಣೆಯ ಸಭಾಂಗಣದ ಗ್ರೀನ್‌ರೂಮಿಗೆ ಸಂಘದ ಅಧ್ಯಕ್ಷ ಚಂದ್ರಮೌಳಿಯವರೇ ಬಂದರು.

"ಕೊನೇಲಿ ಅವ್ಳು ಗಂಡನ್ನ ಕ್ಷಮಿಸ್ಬಿಡ್ಲಿ ಕಣಮ್ಮ. ಫ್ಯಾಮಿಲಿಗಳೆಲ್ಲ ಬಂದಿದಾರೆ."

"ಅವ್ಳು ಹೋಗ್ತಾಳೆ ಅಂಕಲ್."

"ಹಾಗಾದ್ರೆ ಮೈಕ್ ಆಫ್ ಮಾಡಿಸ್ತೀನಿ."

"ಮಾಡ್ಸಿ."

ಮೈಕು ಇದ್ದದ್ದು ಒಂದೇ, ವೇದಿಕೆಯ ಮೇಲಿನ ಹೂದಾನಿಯೊಳಗೆ. ಮೊದಮೊದಲ ಮಾತಿನ ಚಿತ್ರಗಳಲ್ಲಿ ಹಾಗೇ ಬಚ್ಚಿಡುತ್ತಿದ್ದರಂತೆ. ಪಾತ್ರಗಳೆಲ್ಲ ಹೂವಿನ ಹತ್ತಿರವೇ ಹೋಗಿ ಜಗಳವಾಡಬೇಕು. ಮೈಥಿಲಿ ಆ ತಮಾಷೆಯನ್ನೂ ಬಿಟ್ಟಿರಲಿಲ್ಲ. ಗಂಡನ ಪಾತ್ರದ ಉತ್ತಮ್ ಹೂದಾನಿಗೆ ಬಾಗಿ ಬಾಗಿ ಬೈದಾಗ ಜನ ಬಿದ್ದು ಬಿದ್ದು ನಕ್ಕರು.

ಕೊನೆಯ ದೃಶ್ಯ ಬಂತು. ಮೈಥಿಲಿ ಹೂದಾನಿಗೆ ಬಾಗಿ ಬಾಯಿ ತೆರೆದಳು. ಮೈಕು ಸತ್ತಿತ್ತು. ಹಿಂದಿನ ಸಾಲಿನವರು ಮುಗಿಯಿತೆಂದುಕೊಂಡು ಊಟದ ಕಡೆ ಎದ್ದರು.

ಅವಳಿಗೆ ಕೆಂಡದಂಥ ಸಿಟ್ಟು ಬಂತು. ಹೂವನ್ನು ಕಿತ್ತು ಬಿಸಾಕಿದಳು, ಮೈಕನ್ನು ಹೊರಗೆಳೆದಳು, ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷರ ಕೈಗೇ ಕೊಟ್ಟಳು.

"ನಿಮ್ದು ಅಂಕಲ್, ಇಟ್ಕೊಳ್ಳಿ."

ಮತ್ತೆ ವೇದಿಕೆ ಹತ್ತಿ, ತುದಿಗೆ ಬಂದು, ಗಂಟಲು ಬಿರಿಯುವಂತೆ ಮಾತು ಹೇಳತೊಡಗಿದಳು. ಎದ್ದವರು ನಿಂತರು. ಆಮೇಲೆ ಕುರ್ಚಿ ಎಳೆದುಕೊಂಡು ಮುಂದೆ ಬಂದರು. ತಟ್ಟೆ ಹಿಡಿದ ಹೆಂಗಸೊಬ್ಬಳು ಬಾಗಿಲಿಂದಲೇ ಕೂಗಿದಳು: "ಇನ್ನೂ ಜೋರಾಗಿ ಹೇಳಮ್ಮ!"

ಹೇಳಿದಳು. ಏಪ್ರನ್ ಬಿಚ್ಚಿ ಉತ್ತಮ್ ಕೈಗಿಟ್ಟಳು. ಪರದೆಯ ಹಿಂದಕ್ಕಲ್ಲ, ಜನರ ನಡುವೆಯೇ ನಡೆದು ಹೊರಬಿದ್ದಳು.

ಕಾರ್ ಪಾರ್ಕಿನವರೆಗೂ ಚಪ್ಪಾಳೆ ಕೇಳುತ್ತಿತ್ತು. ಗೆಳತಿ ಶ್ರೀಲಕ್ಷ್ಮಿ ಏದುಸಿರು ಬಿಡುತ್ತ ಓಡಿಬಂದಳು.

"ಬಾರೇ, ಅಧ್ಯಕ್ಷರು ನಿಂಗೆ ಶಾಲು ಹೊದಿಸ್ಬೇಕಂತೆ!"

ಮೈಥಿಲಿ ಕಾರಿನ ಬಾಗಿಲು ತೆಗೆದಳು.

"ಅವ್ಳು ಹೊರಟ್ಹೋದ್ಲು ಅಂತ ಹೇಳೇ."