ಬೇಡ ಎನ್ನುವ ಸರದಿ

“ಎಲ್ಲಿ, ನಮ್ಮನೆ ಬ್ರೇಕು ಏನು ಹೇಳುತ್ತೆ?” ಭಾವ ನಕ್ಷೆಯ ಮೇಲಿಂದ ತಲೆಯೆತ್ತದೆ ಕೇಳಿದರು.

ಬ್ರೇಕು ಎಂದರೆ ಅವಳು, ಭಾವನ ತಮ್ಮನ ಹೆಂಡತಿ. ಬಸ್ಸು ಓಡಿಸುವವಳಾದ್ದರಿಂದ ಬಂದ ಹೆಸರೆಂದು ಹೊರಗಿನವರು ತಿಳಿದು ನಗುತ್ತಿದ್ದರು. ಮನೆಯವರ ಲೆಕ್ಕ ಬೇರೆ: ಹತ್ತು ವರ್ಷದಲ್ಲಿ ಈ ಕುಟುಂಬದ ಯಾವ ಯೋಜನೆಗೆ ಅಡ್ಡಗಾಲು ಬಿದ್ದಿದ್ದರೂ ಅದು ಅವಳದೇ. ಅಣ್ಣತಮ್ಮಂದಿರು ಒಂದೇ ಕಟ್ಟಡದಲ್ಲಿ ಮನೆ ಮಾಡುವುದು ಬೇಡವೆಂದವಳು ಅವಳು. ಭಾವನ ಹಳೇ ಕಾರು ಬೇಡವೆಂದವಳೂ ಅವಳೇ. ಅವರಿಗೆ ಗೊತ್ತಿಲ್ಲದ್ದು ಒಂದೇ. ಆ ಮಾತುಗಳೆಲ್ಲ ಗಂಡನವು. ಬಾಯಿ ಮಾತ್ರ ಅವಳದು.

ಭಾವನ ಮನೆಯ ಊಟದ ಮೇಜಿನ ತುಂಬ ಎತ್ತರದ ಬೆಟ್ಟಗಳ ನಕ್ಷೆ ಹರಡಿತ್ತು. ಮುಂದಿನ ತಿಂಗಳು ನಾಲ್ವರೂ ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಹತ್ತಿ ಇಳಿಯಬೇಕಾದ ದಾರಿಯನ್ನು ಭಾವ ಕೆಂಪು ಪೆನ್ಸಿಲ್ಲಿನಲ್ಲಿ ಎಳೆದಿದ್ದರು. ಗೆರೆ ಕಣಿವೆಯ ತಗ್ಗು ಅಂಚನ್ನು ಬಿಟ್ಟು ನೆಟ್ಟಗೆ ಕಡಿದಾದ ಇಳಿಜಾರಿಗೇ ನುಗ್ಗಿತ್ತು. ಹೋದ ವರ್ಷ ಅಲ್ಲೇ ಗಂಡನ ಸ್ಕೀಯ ಮುಂದೆ ಹಿಮ ಉದ್ದಕ್ಕೆ ಬಿರುಕು ಬಿಟ್ಟಿತ್ತು; ಇನ್ನೊಂದು ಚೂರು ಬಿಟ್ಟಿದ್ದರೆ ಇಳಿಜಾರಿನ ಹಿಮವೆಲ್ಲ ಒಟ್ಟಿಗೆ ಕುಸಿದು ಬರುತ್ತಿತ್ತು. ಅದನ್ನು ಅವನು ಹೇಳಿದ್ದು ಅವಳೊಬ್ಬಳಿಗೆ. ಇವತ್ತು ಬೆಳಗ್ಗೆ ಗಡ್ಡ ಬೋಳಿಸಿಕೊಳ್ಳುತ್ತಾ, “ನೀನು ಬೇಡ ಅಂದ್ಬಿಡು. ನಿಂಗೆ ಅಣ್ಣ ಏನೂ ಅನ್ನಲ್ಲ,” ಎಂದಿದ್ದ. ಅನ್ನುವುದನ್ನೆಲ್ಲ ಅಣ್ಣ ಅವಳ ಬೆನ್ನ ಹಿಂದೆ ಅನ್ನುತ್ತಿದ್ದರು, ಅಷ್ಟೇ.

ನಿಯಮ ಮಾಡಿದವರು ಭಾವನೇ. ಬೆಟ್ಟದಲ್ಲಿ ಕಡಿಮೆ ಪಳಗಿದವರು ಮೊದಲು ಹೇಳಬೇಕು, ದೊಡ್ಡವರ ಮುಖ ನೋಡಿ ತಲೆಯಾಡಿಸಬಾರದೆಂದು. ಒಬ್ಬರು ಬೇಡವೆಂದರೂ ಆ ದಾರಿ ಬಿಟ್ಟಂತೆ; ಯಾಕೆಂದು ಕೇಳಕೂಡದು. ಭಾವ ಹಲ್ಲಿನ ಡಾಕ್ಟರು. ಬಾಯಿ ತೆರೆದು ಮಲಗಿದವರ ಜೊತೆ ಇಪ್ಪತ್ತು ವರ್ಷ ಮಾತಾಡಿ, ಎದುರಿನಿಂದ ಉತ್ತರ ಬರಬಹುದೆಂಬುದೇ ಅವರಿಗೆ ಮರೆತುಹೋಗಿತ್ತು.

“ಹೇಳಮ್ಮಾ. ಈ ಸಲ ಏನು ನೆಪ? ಮಂಡಿನೋ, ಡ್ಯೂಟಿನೋ?”

ಭಾವನ ಹೆಂಡತಿ, ಅವಳ ಓರಗಿತ್ತಿ, ಮುಸಿನಕ್ಕಳು. ಇವಳ ಗಂಡ ತನಗೂ ಇದಕ್ಕೂ ಸಂಬಂಧವೇ ಇಲ್ಲದವನಂತೆ ಲೋಟದ ಅಂಚು ನೋಡುತ್ತಿದ್ದ. ಆ ಮುಖವೇ ಅವಳನ್ನು ಕೆಣಕಿತು.

“ಆಗಲಿ ಭಾವ. ನಂದು ಹೂಂ.”

ಮೇಜಿನ ಕೆಳಗೆ ಅವಳ ಕಾಲಿಗೆ ಒದೆ ಬಿತ್ತು.

“ಅಬ್ಬಾ! ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?” ಭಾವ ಕೊನೆಗೂ ತಲೆಯೆತ್ತಿದರು. ತಮ್ಮನ ಕಡೆ ತಿರುಗಿ, “ಸರಿ, ನಿಂದೂ ಹೂಂ ತಾನೇ?” ಎಂದರು.

ಗಂಡನದು ಕನ್ನಡಕದ ಅಂಗಡಿ. ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ದಿನವಿಡೀ ಬೇರೆಯವರನ್ನು ಕೇಳುವವನನ್ನು ಯಾರೂ ತಿರುಗಿ ಕೇಳಿದ್ದಿಲ್ಲ. “ಅಲ್ಲಣ್ಣ... ಇವಳು ಬಾಯಲ್ಲಿ ಹೂಂ ಅಂತಾಳೆ. ಒಳಗೊಳಗೆ ಹೆದರ್ತಾಳೆ, ನಂಗೊತ್ತು. ಇವಳ ಮಂಡಿ ಬೇರೆ...”

“ನನ್ನ ಮಂಡಿ ಗಟ್ಟಿಯಾಗೇ ಇದೆ,” ಎಂದಳು. “ನನ್ನ ಸರದಿ ಮುಗೀತು. ನಿಮ್ಮದು ಹೇಳಿ.”

ಇವನೂ ಹೂಂ ಅಂದುಬಿಟ್ಟರೆ? ಅಣ್ಣನೆದುರು ಇಲ್ಲಿಯವರೆಗೆ ಬೇರೇನೂ ಅಂದವನಲ್ಲ. ಆಮೇಲೆ ಆ ಇಳಿಜಾರಿನ ಮೇಲೆ ಯಾರು ಮುಂದೆ, ಯಾರು ಹಿಂದೆ ಎನ್ನುವುದಷ್ಟೇ ಬಾಕಿ ಉಳಿಯುತ್ತದೆ. ಆದರೂ ಹಲ್ಲು ಕಚ್ಚಿ ಕೂತಳು.

“ಬೇಡ,” ಎಂದ ಗಂಡ. ಲೋಟಕ್ಕೆ ಹೇಳಿದಂತಿತ್ತು.

“ಏನು?”

“ಬೇಡಣ್ಣ. ನಾನು ಅಲ್ಲಿಗೆ ಬರಲ್ಲ.”

“ಯಾಕೆ?”

ಯಾಕೆಂದು ಕೇಳಕೂಡದೆಂಬ ನಿಯಮ ಯಾರ ಬಾಯಲ್ಲೂ ಬರಲಿಲ್ಲ; ಭಾವ ಮತ್ತೆ ಕೇಳಿದರು. “ಯಾಕೋ ಅಂತ ಕೇಳ್ತಿದೀನಿ! ಹೆಂಡ್ತಿ ಬರ್ತೀನಿ ಅಂತಾಳೆ, ಗಂಡ ಬೇಡ ಅಂತಾನೆ. ನಾಚಿಕೆ ಆಗಲ್ವಾ?”

“ಹೆದರಿಕೆ ಆಗತ್ತೆ.” ಗಂಡನ ಕಿವಿ ಕೆಂಪೇರಿತ್ತು. “ಹೋದ ವರ್ಷ ಅಲ್ಲಿ ನನ್ನ ಕಾಲ ಮುಂದೇನೇ ಹಿಮ ಬಿರುಕು ಬಿಡ್ತು. ನಿಂಗೆ ಹೇಳ್ಲಿಲ್ಲ.”

ಭಾವ ಪೆನ್ಸಿಲ್ಲು ಕೆಳಗಿಟ್ಟರು. “ಹೇಳ್ಲಿಲ್ಲ. ಹೇಳದೆ ಒಂದು ವರ್ಷ ಕೂತಿದ್ದೆ. ನಿನ್ನ ಹಿಂದೆ ಅವತ್ತು ನಿಮ್ಮತ್ತಿಗೆ ಬರ್ತಿದ್ಲಲ್ಲೋ, ಗೂಬೆ!”

ಓರಗಿತ್ತಿಯ ನಗು ಎಲ್ಲಿಗೋ ಹೋಗಿತ್ತು. ಅವಳು ಮೈದುನನ ಕಡೆ ತಿರುಗಲಿಲ್ಲ. ಎದುರು ಕೂತವಳನ್ನೇ ನೋಡುತ್ತಾ ಕೇಳಿದಳು: “ನಿಂಗೂ ಗೊತ್ತಿತ್ತಾ?”

ಅವಳು ಹೌದೆಂದು ತಲೆಯಾಡಿಸಿದಳು.

“ಗೊತ್ತಿದ್ದೂ ಈಗ ಹೂಂ ಅಂದ್ಯಾ?”

“ಅಕ್ಕಾ, ಅದು ಹಾಗಲ್ಲ...”

“ಹೇಗೋ ಏನೋ. ನಾವು ಬೇರೆ ಯಾರನ್ನಾದ್ರೂ ಕರ್ಕೊಂಡು ಹೋಗ್ತೀವಿ ಬಿಡು.” ಓರಗಿತ್ತಿ ಎದ್ದು ಲೋಟಗಳನ್ನು ಒಂದರೊಳಗೊಂದು ಸದ್ದಾಗುವಂತೆ ಇಟ್ಟಳು. ಮೈದುನನ ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು.

ಮಧ್ಯಾಹ್ನದ ಬಿಸಿಲಲ್ಲಿ ಬೀದಿಯುದ್ದಕ್ಕೂ ಗಂಡ ನಾಲ್ಕು ಹೆಜ್ಜೆ ಮುಂದೆಯೇ ನಡೆದ. “ಒಂದು ಮಾತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಎಂದ, ತಿರುಗದೆ.

“ಹತ್ತು ವರ್ಷ ಅಂದೆನಲ್ಲ.”

ತಮ್ಮ ಕಟ್ಟಡಕ್ಕೆ ಬಂದಾಗ ಲಿಫ್ಟು ಕೆಳಗೇ ಇತ್ತು. ಅವಳು ಒಳಹೊಕ್ಕು ಬಾಗಿಲು ಮುಚ್ಚದಂತೆ ಕೈ ಅಡ್ಡ ಹಿಡಿದಳು. ಅವನು ಅದರ ಮುಂದಿನಿಂದಲೇ ಹಾದು ಮೆಟ್ಟಿಲು ಹತ್ತತೊಡಗಿದ.

ಐದನೇ ಮಹಡಿಯಲ್ಲಿ ಬೀಗ ತೆಗೆದು, ಬಾಗಿಲನ್ನು ತೆರೆದೇ ಬಿಟ್ಟು, ಹೊಸ್ತಿಲಲ್ಲಿ ನಿಂತು ಶೂ ಬಿಚ್ಚಿದಳು. ಅವನ ಹೆಜ್ಜೆ ಸದ್ದು ಕೆಳಗಿನಿಂದ ಒಂದೇ ಸಮನೆ ಮೇಲೆ ಬರುತ್ತಿತ್ತು. ಮೂರನೇ ಮಹಡಿಯ ಹತ್ತಿರ ಅದು ನಿಂತಿತು. ಒಂದು ಕಾಲಲ್ಲಿ ಶೂ, ಇನ್ನೊಂದು ಬರಿಗಾಲು. ಮತ್ತೆ ಮೇಲೆ ಬರುತ್ತದೋ ಕೆಳಗಿಳಿಯುತ್ತದೋ ಎಂದು ಅವಳು ಗೋಡೆ ಹಿಡಿದುಕೊಂಡು ಹಾಗೇ ಕಿವಿಗೊಟ್ಟಳು.