ಪ್ರೇಮ ಹೌದೆನ್ನದ ಸಾಕ್ಷಿ

ಸ್ಟಿಯರಿಂಗನ್ನು ಒಂದು ಬೆರಳಿನಿಂದಲೂ ಮುಟ್ಟದೆ ನರಸಿಂಹರಾಜಪುರದಿಂದ ಶೃಂಗೇರಿಯವರೆಗೆ ಬಸ್ಸು ಒಯ್ದ ಡ್ರೈವರ್ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ, ಅದು ನಾನು. ಒಳಗೆ ನೂರ ಎಂಬತ್ತು ಜನ, ಟಾಪಿನ ಮೇಲೆ ಇನ್ನೂ ಅರವತ್ತು. ಎರಡೂ ಕೈಗಳನ್ನು ಮೇಲಕ್ಕೆತ್ತಿ ಸ್ತೋತ್ರ ಹೇಳುತ್ತ ಕುಳಿತಿದ್ದೆ. ತಿರುವು ಬಂದಾಗ ಬಸ್ಸು ತಾನೇ ತಿರುಗಿತು, ಹಂಪು ಬಂದಾಗ ತಾನೇ ನಿಧಾನವಾಯಿತು. ಹರಿಹರಪುರದಲ್ಲಿ ಇಳಿಯಬೇಕಾಗಿದ್ದ ಅಜ್ಜಿಯೊಬ್ಬಳು ನಿದ್ದೆ ಹೋಗಿದ್ದಳು. ಅವಳ ಸ್ಟಾಪು ಬಂದಾಗ ಹಾರ್ನು ತನ್ನಷ್ಟಕ್ಕೆ ಹೊಡೆದುಕೊಂಡು ಅವಳನ್ನು ಎಬ್ಬಿಸಿತು. ಇದನ್ನು ನಂಬುವುದಕ್ಕೆ ನಿಮ್ಮಿಂದ ಆಗುವುದಿಲ್ಲವೆಂದರೆ ದೋಷ ನನ್ನ ಕಥೆಯದಲ್ಲ, ನಿಮ್ಮ ವಿಶ್ವಾಸದ್ದು.

ಹೀಗೆಂದು ನಾನು ಎರಡು ಸಾವಿರದ ಆರನೆಯ ಇಸವಿಯ ಮಾರ್ಚಿನಲ್ಲಿ, ಒಂದು ಶುಕ್ರವಾರ ಸಂಜೆ, ಸುಮಿತ್ರಮ್ಮನವರ ಮನೆಯ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದೆ. ಆ ಸಂಜೆ ಏನಾಯಿತೆಂದು ಬರೆಯುವುದಕ್ಕೆ ಮೊದಲು ನನ್ನ ವಿಷಯ ನಾಲ್ಕು ಮಾತು ಹೇಳಬೇಕು. ನನ್ನ ವಿಷಯ ಹೇಳಲು ನನಗೆ ಯಾವತ್ತೂ ಬೇಸರವಿಲ್ಲ.

ನನ್ನ ಹೆಸರು ಮತ್ತಾಯಪ್ಪ. ಭೈರಪ್ಪನವರ ಖಾಸಗಿ ಬಸ್ಸಿಗೆ ಹದಿನಾರು ವರ್ಷ ಡ್ರೈವರ್. ನರಸಿಂಹರಾಜಪುರ ಬಿಟ್ಟು ಕೊಪ್ಪ, ಹರಿಹರಪುರ ಹಾದು ಶೃಂಗೇರಿಗೆ ಬೆಳಗಿನ ಟ್ರಿಪ್ಪು. ಈ ರಸ್ತೆಯ ತಿರುವುಗಳನ್ನು ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಒಟ್ಟು ಎರಡು ಸಾವಿರದ ನಾಲ್ಕು ನೂರ ಹನ್ನೊಂದು ಇವೆ. ಎಣಿಸಿ ನೋಡಿದವರು ಯಾರೂ ಇಲ್ಲದ ಕಾರಣ ಈ ಲೆಕ್ಕ ತಪ್ಪೆಂದು ಹೇಳಿದವರೂ ಇಲ್ಲ.

ಹಿಂದಿನ ವರ್ಷ ನವೆಂಬರಿನಲ್ಲಿ, ಕೊಪ್ಪ ಮುಟ್ಟುವುದಕ್ಕೆ ಇನ್ನೂ ಐದಾರು ಮೈಲಿ ಇರುವಾಗ, ಬಿದಿರುಮೆಳೆಯ ತಿರುವಿನಲ್ಲಿ ನಾಟಾ ತುಂಬಿದ ಲಾರಿಯೊಂದು ನನ್ನ ಬದಿಗೇ ನುಗ್ಗಿ ಬಂತು. ನಾನು ಎಡಕ್ಕೆ ಎಳೆದೆ. ಬಸ್ಸು ಗದ್ದೆಗೆ ಇಳಿದು ಮಗ್ಗುಲಾಗಿ ಮಲಗಿತು. ಯಾರೂ ಸಾಯಲಿಲ್ಲ. ಈ ಒಂದು ವಾಕ್ಯವನ್ನು ನಾನು ಉಬ್ಬಿಸಿಲ್ಲ, ಉಬ್ಬಿಸುವ ಧೈರ್ಯವೂ ಇಲ್ಲ. ಯಾರೂ ಸಾಯಲಿಲ್ಲ, ದೇವರಿಗೆ ಸ್ತೋತ್ರ. ಕಂಡಕ್ಟರ್ ಮಲ್ಲೇಶಪ್ಪನ ಹೆಗಲ ಮೂಳೆ ಮುರಿಯಿತು. ಸುಮಿತ್ರಮ್ಮನವರ ಮೊಮ್ಮಗಳು ಗಗನಾ, ಕೊಪ್ಪದ ಹತ್ತಿರದ ಬಾಳಗಡಿಯ ಕಾಲೇಜಿಗೆ ಹೋಗುತ್ತಿದ್ದವಳು, ಕಿಟಕಿಯ ಸರಳಿಗೆ ಬಡಿದು ಹಣೆ ಒಡೆದುಕೊಂಡಳು. ಏಳು ಹೊಲಿಗೆ ಬಿದ್ದವು.

ನನಗೆ ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಹದಿನೈದು ದಿನ ಬಿಟ್ಟು, ರಿಪೇರಿಯಾಗಿ ಬಂದ ಬಸ್ಸಿನ ಸೀಟಿನಲ್ಲಿ ಕುಳಿತು ಕ್ಲಚ್ಚಿನ ಮೇಲೆ ಕಾಲಿಟ್ಟಾಗ ಆ ಕಾಲು ತಕತಕ ಕುಣಿಯತೊಡಗಿತು. ಅಂಗೈ ಬೆವರಿ ಸ್ಟಿಯರಿಂಗ್ ಜಾರಿತು. ಇಳಿದುಬಿಟ್ಟೆ. ಭೈರಪ್ಪನವರಿಗೆ ಬೆನ್ನುನೋವು ಎಂದೆ. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದವರಿಗೆ, ನನ್ನ ಕೈಗೆ ತಕ್ಕ ಬಸ್ಸನ್ನು ಇನ್ನೂ ಯಾವ ಕಂಪನಿಯೂ ತಯಾರು ಮಾಡಿಲ್ಲ, ಮಾಡಿದ ದಿನ ಹತ್ತುತ್ತೇನೆ ಎಂದೆ. ನಾಲ್ಕು ತಿಂಗಳು ಅಲ್ಲಿನ ಕಟ್ಟೆಯ ಮೇಲೆ ಕುಳಿತು, ರಿವರ್ಸ್ ತೆಗೆಯುವ ಡ್ರೈವರುಗಳಿಗೆ ಬುದ್ಧಿ ಹೇಳುವ ಕೆಲಸ ಮಾಡಿದೆ. ನನ್ನ ಹೆಂಡತಿ ಪ್ರೇಮ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿ ಮನೆ ನಡೆಸಿದಳು. ನಿಜ ಗೊತ್ತಿದ್ದವಳು ಅವಳೊಬ್ಬಳೇ. ಅವಳಿಗೂ ನಾನು ಹೇಳಿರಲಿಲ್ಲ; ನಿದ್ದೆಯಲ್ಲಿ ನನ್ನ ಕಾಲುಗಳು ಬ್ರೇಕು ಕ್ಲಚ್ಚು ಹುಡುಕುತ್ತಿದ್ದುದನ್ನು ನೋಡಿ ತಿಳಿದುಕೊಂಡಿದ್ದಳು.

ಆ ಮಾರ್ಚಿನ ಒಂದು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಭೈರಪ್ಪನವರು ಮನೆಗೇ ಬಂದರು. ಬದಲಿ ಡ್ರೈವರಿಗೆ ಜ್ವರ. ಬಾಗಿಲಲ್ಲೇ ನಿಂತು ಹೇಳಿದರು:

"ಮತ್ತಾಯ, ಕಾಲೇಜ್ ಮಕ್ಕಳಿಗೆ ಇವತ್ತು ಪರೀಕ್ಷೆ. ಸ್ಟ್ಯಾಂಡಲ್ಲಿ ನಿಂತಿದಾವೆ. ನಿನ್ನ ಬೆನ್ನು ಎಂತ ಆಯ್ತು ಈಗ?"

"ಬೆನ್ನು ಇನ್ನೂ..." ಎಂದೆ.

"ಬೆನ್ನು ವಾಸಿಯಾಗಿದೆ," ಎಂದಳು ಪ್ರೇಮ ಒಳಗಿನಿಂದ. "ಅವರು ಬರ್ತಾರೆ. ನಾನೂ ಬರ್ತೀನಿ."

ಹೀಗೆ ನಾನು ಆ ದಿನ ಬಸ್ಸು ಹತ್ತಿದೆ, ಆ ವಾರ ಪೂರ್ತಿ ನಾನೇ ಓಡಿಸಿದೆ. ಆ ಮೊದಲ ದಿನದ್ದನ್ನು ನಾಲ್ಕು ದಿನ ಕಳೆದು, ಶುಕ್ರವಾರದ ಕೂಟದಲ್ಲಿ, ಮೇಲೆ ಬರೆದ ಹಾಗೆ ಹೇಳಿದ್ದು.

ಈಗ ಆ ಕೂಟದ ಒಂದು ಕಾನೂನು ನಿಮಗೆ ಗೊತ್ತಿರಬೇಕು. ಹಾಡು, ಪ್ರಾರ್ಥನೆ ಮುಗಿದ ಮೇಲೆ ದೇವರು ತಮಗೆ ಮಾಡಿದ ಉಪಕಾರವನ್ನು ಎದ್ದು ಹೇಳುವುದು, ಅಂದರೆ ಸಾಕ್ಷಿ ಹೇಳುವುದು, ಎಲ್ಲ ಕ್ರೈಸ್ತ ಕೂಟಗಳಲ್ಲೂ ಉಂಟು. ಆದರೆ ನಮ್ಮ ಕೂಟದಲ್ಲಿ ಹೇಳಿ ಮುಗಿಸಿದವರ ನಂತರ, ಅದನ್ನು ಕಣ್ಣಾರೆ ಕಂಡ ಇನ್ನೊಬ್ಬರು ಎದ್ದು "ಹೌದು" ಅನ್ನಬೇಕು. ಆಮೇಲೆಯೇ ಎಲ್ಲರೂ ಸ್ತೋತ್ರ ಹೇಳುವುದು. ಇದನ್ನು ತಂದವರು ಸುಮಿತ್ರಮ್ಮ. ಮೂವತ್ತು ವರ್ಷ ನರ್ಸಾಗಿದ್ದವರು, ಥರ್ಮಾಮೀಟರನ್ನೂ ಎರಡು ಸಲ ನೋಡಿಯೇ ನಂಬುವವರು. ತಂದದ್ದು ನನ್ನ ದೆಸೆಯಿಂದ. ಮೂವತ್ತಾರು ಅಡಿಯ ಕಾಳಿಂಗ ಸರ್ಪವೊಂದು ನನ್ನ ಪ್ರಾರ್ಥನೆ ಕೇಳಿ ತಲೆಬಾಗಿ ದಾರಿ ಬಿಟ್ಟಿತೆಂದು ಒಮ್ಮೆ ನಾನು ಸಾಕ್ಷಿ ಹೇಳಿದ್ದೆ. ಇಡೀ ಕೂಟ ಚಪ್ಪಾಳೆ ತಟ್ಟಿತ್ತು. ಮರುವಾರ ಪ್ರೇಮ, ಅದು ಕೇರೆಹಾವು, ನಾವು ನೋಡುವ ಮೊದಲೇ ಹೋಗುತ್ತಿತ್ತು ಎಂದು ಎಲ್ಲರೆದುರು ಹೇಳಿದಳು. ಅಂದಿನಿಂದ ಈ ಕಾನೂನು.

ಆ ಶುಕ್ರವಾರ ನನಗೆ ಅಂಜಿಕೆಯಿರಲಿಲ್ಲ. ಪ್ರೇಮ ಬಸ್ಸಿನಲ್ಲೇ ಇದ್ದವಳು. ನಾನು ಓಡಿಸಿದ್ದೂ ನಿಜ. ದೊಡ್ಡ ವಿಷಯ ನಿಜವಿರುವಾಗ ಸಣ್ಣಪುಟ್ಟದ್ದಕ್ಕೆ ಅವಳು ತಕರಾರು ಮಾಡಲಾರಳು ಎಂದುಕೊಂಡಿದ್ದೆ. "ಒಂದೇ ಪ್ರಾರ್ಥನೆ ಮಾಡಿದೆ, ಹೆದರಿಕೆ ಅನ್ನೋದು ಕಿಟಕಿಯಿಂದ ಹಾರಿಹೋಯ್ತು, ತಿರುಗಿ ನೋಡಿಲ್ಲ. ವಿಶ್ವಾಸ ಇದ್ದವನಿಗೆ ಹೆದರಿಕೆ ಎಲ್ಲಿಂದ ಬತ್ತದೆ?" ಎಂದು ಮುಗಿಸಿ, ಗಂಟಲು ಸರಿಮಾಡಿಕೊಂಡು ಕುಳಿತೆ.

"ಪ್ರೇಮ," ಎಂದರು ಸುಮಿತ್ರಮ್ಮ.

ಪ್ರೇಮ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಏನೂ ಹೇಳದೆ ಮತ್ತೆ ಕುಳಿತಳು.

"ಹೌದು ಅಂದ್ಯಾ?" ಸುಮಿತ್ರಮ್ಮನವರಿಗೆ ಕಿವಿ ಸ್ವಲ್ಪ ಮಂದ.

"ಇಲ್ಲಮ್ಮ. ಅನ್ಲಿಲ್ಲ."

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ನಾನೂ ನಕ್ಕೆ. "ನೂರ ಎಂಬತ್ತು ಹೆಚ್ಚಾಯ್ತೇನೋ, ನೂರ ಎಪ್ಪತ್ತು ಅಂತ ಬರ್ಕೊಳ್ಳಿ," ಎಂದೆ. ಇನ್ನಷ್ಟು ಜನ ನಕ್ಕರು. ಇಂಥ ಹೊತ್ತಿನಲ್ಲಿ ನನ್ನನ್ನು ಹಿಡಿಯುವವರಿಲ್ಲ; ಮಾತಿನ ಮೇಲೆ ಮಾತು ಹೇರಿ ದಾಟಿಬಿಡುತ್ತೇನೆ. ಆ ದಿನವೂ ದಾಟುತ್ತಿದ್ದೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲ ಹತ್ತಿರ ಚಹಾದ ತಟ್ಟೆ ಹಿಡಿದು ನಿಂತಿದ್ದ ಗಗನಾ ಮಾತಾಡಿದಳು.

ಅವಳು ಕೂಟದಲ್ಲಿ ಬಾಯಿ ಬಿಡುವವಳಲ್ಲ. ನವೆಂಬರಿನಿಂದ ಅವಳು ಬಸ್ಸು ಹತ್ತಿರಲಿಲ್ಲ. ಕಾಲೇಜು ನಿಂತಿತ್ತು. ಆ ಸೋಮವಾರದ ಪರೀಕ್ಷೆಗೂ ಹೋಗಿರಲಿಲ್ಲ. ಇನ್ನು ಮೂರು ಪರೀಕ್ಷೆಗಳಿದ್ದವು, ಮೊದಲನೆಯದು ಮರುದಿನ ಬೆಳಿಗ್ಗೆ. ಅದಕ್ಕೂ ಹೋಗದಿದ್ದರೆ ವರ್ಷ ಹೋದಂತೆಯೇ ಎಂದು ಆವತ್ತು ಕೂಟ ಶುರುವಾಗುವ ಮುನ್ನ ಸುಮಿತ್ರಮ್ಮ ಅವಳಿಗಾಗಿ ಪ್ರಾರ್ಥಿಸಲು ಕೇಳಿಕೊಂಡಿದ್ದರು. ನಾವೆಲ್ಲ ಪ್ರಾರ್ಥಿಸಿದ್ದೆವು. ನಾನಂತೂ ಎಲ್ಲರಿಗಿಂತ ಗಟ್ಟಿಯಾಗಿ.

"ಮತ್ತಾಯಮಾಮ," ಎಂದಳು, "ನಿಮಗೆ ಒಂದೇ ಪ್ರಾರ್ಥನೆಗೆ ಹೋಯ್ತಾ?"

"ಒಂದೇ," ಎಂದೆ. ಬಾಯಿ ತಾನಾಗಿ ಹೇಳಿಬಿಟ್ಟಿತು.

"ನಾನು ನಾಲ್ಕು ತಿಂಗಳಿಂದ ಮಾಡ್ತಿದೀನಿ. ದಿನಾ ಬೆಳಿಗ್ಗೆ ಸ್ಟ್ಯಾಂಡಿನವರೆಗೂ ಹೋಗ್ತೀನಿ. ಬಸ್ಸಿನ ಮೆಟ್ಟಿಲು ನೋಡಿದ್ ಕೂಡ್ಲೆ ವಾಪಸ್ ಬರ್ತೀನಿ. ನನ್ನ ವಿಶ್ವಾಸದಲ್ಲೇ ಏನೋ ಕಡಿಮೆ ಇದೆ ಅನ್ಸತ್ತೆ ಅಜ್ಜಿ." ಕೊನೆಯ ಮಾತನ್ನು ಅವಳು ಸುಮಿತ್ರಮ್ಮನ ಕಡೆ ತಿರುಗಿ ಹೇಳಿದಳು. "ನನ್ನನ್ನ ನಾಳೆ ಎಬ್ಬಿಸಬೇಡಿ. ನಾನು ಹೋಗಲ್ಲ."

ತಟ್ಟೆಯಲ್ಲಿದ್ದ ಲೋಟಗಳು ಸದ್ದು ಮಾಡುತ್ತಿದ್ದವು. ಆ ನಡುಕದ ಗುರುತು ನನಗೆ ಚೆನ್ನಾಗಿ ಇತ್ತು.

ಜೀವಮಾನದಲ್ಲಿ ಮೊದಲ ಸಲ ನನಗೆ ಮಾತು ಸಿಗಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ, ಅಲ್ಲಿದ್ದವರನ್ನು ಕೇಳಿ. ಪ್ರೇಮ ನನ್ನ ಕಡೆ ನೋಡಲೂ ಇಲ್ಲ, ಮೊಣಕೈಯಿಂದ ತಿವಿಯಲೂ ಇಲ್ಲ. "ರೀ," ಎಂದಳು ಮೆಲ್ಲಗೆ, "ಆ ಹುಡುಗಿಗೆ ನಡೆದದ್ದು ಹೇಳಿ."

"ಎಂತ ಹೇಳೋದು?"

"ನಂಗೆ ಹೌದು ಅನ್ನೋಕೆ ಆಗುವಂಥದ್ದು."

ನಾನು ಮತ್ತೆ ಎದ್ದು ನಿಂತೆ. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಹಿಂದಿನಿಂದ ಶುರುಮಾಡಿದೆ.

"ಗಗನಾ, ಶೃಂಗೇರಿ ಸ್ಟ್ಯಾಂಡಲ್ಲಿ ಬಸ್ಸು ನಿಲ್ಲಿಸಿದ ಮೇಲೆ ನಂಗೆ ಸ್ಟಿಯರಿಂಗ್ ಬಿಡೋಕೆ ಆಗ್ಲಿಲ್ಲ. ಅಷ್ಟು ಬಿಗಿ ಹಿಡ್ಕೊಂಡಿದ್ದೆ. ಮಲ್ಲೇಶಪ್ಪ ಬಂದು ಒಂದೊಂದೇ ಬೆರಳು ಬಿಡಿಸಿದ. ಮಗುವಿನ ಮುಷ್ಟಿ ಬಿಡಿಸ್ತಾರಲ್ಲ, ಹಾಗೆ."

ಯಾರೂ ನಗಲಿಲ್ಲ.

"ದಾರೀಲಿ ನಾಲ್ಕು ಸಲ ನಿಲ್ಲಿಸ್ದೆ. ಒಂದು ಸಲನೂ ಯಾರೂ ಇಳಿಯೋರು ಇರ್ಲಿಲ್ಲ. ಮೊದಲನೇ ಸಲ ಮಕ್ಕಳು ಪರೀಕ್ಷೆಗೆ ತಡ ಆಗತ್ತೆ ಅಂತ ಗಲಾಟೆ ಎಬ್ಬಿಸಿದ್ವು. ಮಲ್ಲೇಶಪ್ಪ 'ಟಯರ್ ನೋಡ್ತಿದಾರೆ, ಸುಮ್ನೆ ಕೂತ್ಕೊಳ್ರೋ' ಅಂದ. ನನ್ನ ದೆಸೆಯಿಂದ ಮೂಳೆ ಮುರ್ಕೊಂಡವನು ಅವನು. ಇನ್ನೂ ಆ ಕೈ ಮೇಲೆತ್ತಿ ಸರಳು ಹಿಡಿಯೋಕೆ ಆಗಲ್ಲ. ನಾಲ್ಕು ಸಲನೂ ಅವನೇ ಇಳಿದು ಟಯರಿಗೆ ಒದ್ದು, 'ಸರಿ ಇದೆ, ರೈಟ್' ಅಂದ. ಟಯರ್ ನೋಡ್ತಾ ಇರ್ಲಿಲ್ಲ, ನನ್ನ ಮುಖ ನೋಡ್ತಾ ಇದ್ದ."

"ಬಿದಿರುಮೆಳೆ ಹತ್ರ?" ಗಗನಾ ಕೇಳಿದಳು. ತಟ್ಟೆಯನ್ನು ಕೆಳಗಿಟ್ಟಿದ್ದಳು.

"ಅಲ್ಲಿ ಇಳಿದೆ. ಮೆಳೆ ಹಿಂದೆ ಹೋಗಿ ವಾಂತಿ ಮಾಡ್ದೆ. ಬಸ್ಸಿಗೆ ವಾಪಸ್ ಹೋಗಲ್ಲ, ಗದ್ದೆ ದಾಟಿ ಮನೆಗೆ ನಡೀತೀನಿ ಅಂತ ನಾಲ್ಕು ಹೆಜ್ಜೆ ಹೋಗಿಯೂ ಹೋದೆ. ಪ್ರೇಮ ಬಂದ್ಲು. ಬೈಲಿಲ್ಲ, ಪ್ರಾರ್ಥನೆ ಮಾಡಿ ಅಂತಲೂ ಅನ್ಲಿಲ್ಲ. ಚೊಂಬಲ್ಲಿ ನೀರು ತಂದಿದ್ಲು, ಬಾಯಿ ಮುಕ್ಕಳಿಸಿ ಅಂದ್ಲು. ಆಮೇಲೆ, 'ಕೊಪ್ಪದವರೆಗೆ ಬೇಡ, ಆ ತಿರುವು ದಾಟೋವರೆಗೆ ಓಡಿಸಿ, ಅಲ್ಲಿ ಬೇಕಾದ್ರೆ ಇಳಿಯಣ' ಅಂದ್ಲು. ದಾಟಿದ ಮೇಲೆ ಮುಂದಿನ ತಿರುವು ತೋರಿಸಿದ್ಲು. ಶೃಂಗೇರಿವರೆಗೂ ಹೀಗೇ. ಎಂಜಿನ್ ಪಕ್ಕದ ಉದ್ದ ಸೀಟಲ್ಲಿ ಕೂತು, ಅವಳ ಅಮ್ಮ ಅಕ್ಕಿ ಕೇರುವಾಗ ಹೇಳ್ತಿದ್ದ ಹಾಡು ಹೇಳ್ತಾ ಬಂದ್ಲು. ಅವಳಿಗೆ ಎರಡೇ ಸಾಲು ಬರೋದು. ಅದನ್ನೇ ಹೇಳಿದ್ಲು. ಹಿಂದಿನ ಸೀಟಲ್ಲಿ ಮಠಕ್ಕೆ ಹೊರಟಿದ್ದ ತುಂಗಮ್ಮ ಅಂತ ಒಬ್ಬರಿದ್ರು. ಹರಿಹರಪುರ ಬರೋ ಹೊತ್ತಿಗೆ ಅವರಿಗೂ ಬಾಯಿಪಾಠ ಆಗಿತ್ತು, ಅವರೂ ಗುಣುಗುಡ್ತಿದ್ರು. ಮೊದಲನೇ ಸಲದ ಗಲಾಟೆ ಬಿಟ್ರೆ, ಆಮೇಲೆ ಒಬ್ಬರೂ, ಎಂತಕ್ಕೆ ಇಷ್ಟು ನಿಧಾನ ಅಂತ ಕೇಳ್ಲಿಲ್ಲ. ಅದಕ್ಕೂ ಮೊದಲೇ ಬಾಳಗಡೀಲಿ ಇಳಿದ ಮಕ್ಕಳು ಪರೀಕ್ಷೆಗೆ ಹತ್ತು ನಿಮಿಷ ತಡವಾಗಿ ಮುಟ್ಟಿದ್ವು. ಇಳೀವಾಗ ಒಬ್ಬ, 'ಥ್ಯಾಂಕ್ಸ್ ಅಣ್ಣ' ಅಂದ."

ಇಷ್ಟು ಹೇಳಿ ಕೂರಲು ಹೋದೆ. ಸುಮಿತ್ರಮ್ಮ ಕೈ ತೋರಿಸಿ ತಡೆದರು.

"ಜನ ಎಷ್ಟಿದ್ರು ಮತ್ತಾಯ?" ಎಂದರು. ನರ್ಸಲ್ಲವೇ, ಗಾಯ ಪೂರ್ತಿ ತೊಳೆಯದೆ ಬಿಡುವವರಲ್ಲ.

"ಮೂವತ್ತೆಂಟು. ಟಾಪಿನ ಮೇಲೆ ಎರಡು ಬಾಳೆಗೊನೆ."

"ಪ್ರಾರ್ಥನೆ?"

"ಮಾಡ್ದೆ. ಒಂದಲ್ಲ. ತಿರುವಿಗೊಂದು. 'ಸ್ವಾಮೀ, ಇದೊಂದು ದಾಟಿಸು' ಅಂತ ಅಷ್ಟೇ. ಬೇರೆ ಮಾತು ಬರ್ಲಿಲ್ಲ."

"ಆಮೇಲೆ ಹೆದರಿಕೆ ಹೋಯ್ತಾ ಮಾಮ?" ಗಗನಾ ಕೇಳಿದಳು. ಅವಳ ಹಣೆಯ ಗುರುತು ನನ್ನ ಕಣ್ಣೆದುರಿಗೇ ಇತ್ತು. ಆ ಗುರುತನ್ನು ನೋಡುವುದಕ್ಕೆ ಹೆದರಿ ನಾಲ್ಕು ತಿಂಗಳು ನಾನು ಆ ಮನೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತುಕೊಳ್ಳುತ್ತಿದ್ದೆ.

ಅಡ್ಡಡ್ಡ ತಲೆಯಾಡಿಸಿದೆ.

"ಹೌದು," ಎಂದಳು ಪ್ರೇಮ. ಈ ಸಲ ಅವಳು ಎದ್ದು ನಿಂತೇ ಹೇಳಿದಳು. "ಇದೆಲ್ಲ ಹೌದು. ನಾನು ನೋಡಿದೀನಿ."

ಗಗನಾ ಪ್ರೇಮಳ ಕಡೆ ತಿರುಗಿ ಕೇಳಿದಳು: "ನಾಳೆ ಆ ಉದ್ದ ಸೀಟಲ್ಲಿ ನೀವು ಇರ್ತೀರಾ ಪ್ರೇಮಕ್ಕ?"

"ನೀ ಬರ್ತೀಯ ಅಂದ್ರೆ ಇರ್ತೀನಿ. ಹಾಸ್ಟೆಲ್ಲಿಗೆ ಹೇಳಿ ಬರ್ತೀನಿ."

"ಕೊಪ್ಪದವರೆಗೆ ಬೇಡ," ಎಂದಳು ಗಗನಾ. "ಮೊದಲನೇ ತಿರುವಿನವರೆಗೆ."

ಸುಮಿತ್ರಮ್ಮ ಕನ್ನಡಕ ತೆಗೆದು ಒರೆಸಿದರು. ಎಲ್ಲರೂ ಸ್ತೋತ್ರ ಹೇಳಿದರು. ನನ್ನ ಎಷ್ಟೋ ಸಾಕ್ಷಿಗಳಿಗೆ ಜನ ಇದಕ್ಕಿಂತ ಗಟ್ಟಿಯಾಗಿ ಹೇಳಿದ್ದಾರೆ. ಅವೆಲ್ಲ ನನಗೆ ಬಂದ ಸ್ತೋತ್ರಗಳಾಗಿದ್ದವೆಂದು ನನಗೆ ಆವತ್ತು ಗೊತ್ತಾಯಿತು. ಆ ಸಂಜೆಯದು ಯಾರಿಗೆ ಸಲ್ಲಬೇಕೋ ಅವನಿಗೇ ಸಂದಿತು. ದೇವರಿಗೂ, ಅವನ ಕೈಯಾಗಿ ಬಂದ ಮಲ್ಲೇಶಪ್ಪನಿಗೂ, ಎರಡೇ ಸಾಲು ಬರುವ ನನ್ನ ಹೆಂಡತಿಗೂ ನಾನು ಋಣಿ.

ಜನ ಎದ್ದು ಹೊರಡುವಾಗ ಗಗನಾ ಹತ್ತಿರ ಬಂದು ಇನ್ನೊಂದು ಕೇಳಿದಳು. "ಮಾಮ, ನಾಳೆನೂ ಹೆದರಿಕೆ ಆಗತ್ತಾ ನಿಮಗೆ?"

"ಈಗಲೇ ಆಗ್ತಿದೆ ಮಗ," ಎಂದೆ. "ಸೋಮವಾರದಿಂದ ಇವತ್ತಿನವರೆಗೆ ಒಂದು ದಿನವೂ ಹೆದರದೆ ಆ ಸೀಟಲ್ಲಿ ಕೂತಿಲ್ಲ ನಾನು. ಕಾಲು ಇವತ್ತೂ ನಡುಗಿತು. ಆದ್ರೂ ಹೋಗಿ ಬಂದೆ. ನಂಗೆ ಸಿಕ್ಕಿದ ಜಯ ಅಷ್ಟೇ. ಉಳಿದದ್ದೆಲ್ಲ ನಾನು ಸೇರಿಸಿ ಹೇಳಿದ್ದು."