ಗೇರಿಲ್ಲದ ಏರು

"ಗೇರ್ ಎಲ್ಲಿತ್ ಅಪ್ಪ?"

ಕಾಲೇಜಿನಿಂದ ಬಂದ ಧನ್ಯಶ್ರೀ ಇನ್ನೂ ಬ್ಯಾಗು ಇಳಿಸಿರಲಿಲ್ಲ. ತಗಡಿನ ಮಾಡಿನಡಿ ಅವಳ ಹಳೆಯ ರೇಸ್ ಸೈಕಲ್ ತಲೆಕೆಳಗಾಗಿ ನಿಂತಿತ್ತು. ಹಿಂದಿನ ಗಾಲಿಯಲ್ಲಿ ಏಳು ಹಲ್ಲುಚಕ್ರಗಳಿದ್ದ ಜಾಗದಲ್ಲಿ ಈಗ ಒಂದೇ ಒಂದು. ಗೇರಿನ ವೈರಿಲ್ಲ, ಚೈನು ಸರಿಸುವ ಕೊಕ್ಕೆಯಿಲ್ಲ. ಚೈನನ್ನೂ ಕತ್ತರಿಸಿ ಗಿಡ್ಡ ಮಾಡಿ, ಬೋಟಿನ ಇಂಜಿನ್ನಿನ ಗ್ರೀಸನ್ನು ಧಾರಾಳವಾಗಿ ಮೆತ್ತಲಾಗಿತ್ತು.

"ತೆಗ್ದೆ," ಎಂದ ಪಾಂಡು, ಕೈ ಒರೆಸಿಕೊಳ್ಳುತ್ತ. "ಇನ್ ಚೈನ್ ಜಾರುದಿಲ್ಲ ಕಾಣ್. ಗುಜರಿಯವ ಬಂದಿದ್ದ, ಹಳೇದೆಲ್ಲ ಅವ್ನಿಗ್ ಕೊಟ್ಟೆ."

ಪಾಂಡು ಗಂಗೊಳ್ಳಿಯಲ್ಲಿ ಬೋಟು ನಡೆಸುವ ತಾಂಡೇಲ. ಮಳೆಗಾಲದಲ್ಲಿ ಮೀನುಗಾರಿಕೆಗೆ ನಿಷೇಧ ಬಿದ್ದರೆ ಬಂದರಿನ ಗಂಡಸರ ಕೈ ಸುಮ್ಮನಿರುವುದಿಲ್ಲ. ಇಂಜಿನ್ ಬಿಚ್ಚಿ ಮುಗಿದರೆ ಮನೆಯ ಮಿಕ್ಸಿ, ಫ್ಯಾನು, ಪಂಪು ಒಂದನ್ನೂ ಬಿಡುವವರಲ್ಲ. ಯಾರನ್ನಾದರೂ ಕೇಳುವ ಪದ್ಧತಿಯಂತೂ ಇಲ್ಲವೇ ಇಲ್ಲ. ಕಡಲಲ್ಲಿ ಕೈಕೊಡುವಂಥದ್ದನ್ನು ದಡದಲ್ಲೇ ಕಿತ್ತೆಸೆಯಬೇಕು ಎಂಬುದು ಅವರ ಶಾಸ್ತ್ರ. ಹೋದ ವಾರ ತ್ರಾಸಿಯಲ್ಲಿ ಗೇರ್ ಬದಲಿಸುವಾಗ ಚೈನು ಜಾರಿ ಧನ್ಯಶ್ರೀ ಬಸ್ಸಿನ ಮುಂದೆಯೇ ಬಿದ್ದಿದ್ದಳು. ಮೊಣಕಾಲಿಗೆ ಐದು ಹೊಲಿಗೆ ಬಿದ್ದಿತ್ತು.

"ನಾಡಿದ್ ರೇಸ್ ಇತ್ತ್ ಅಂದೇಳಿ ಗೊತ್ತಿಲ್ಯಾ ನಿಂಗೆ? ಒತ್ತಿನೆಣೆ ಏರ್ ಹತ್ತುಕಿತ್ತ್! ಗೇರ್ ಇಲ್ದೆ ಹ್ಯಾಂಗ್ ಹತ್ತೂದ್?"

"ಕಾಲಿಗ್ ಬಲ ಇತ್ತಲೆ. ನಮ್ಗೆಲ್ಲ ಗೇರ್ ಇದ್ದಿತ್ತಾ?"

"ಸೈಕಲ್ ನಂದ್! ಒಂದ್ ಮಾತ್ ಕೇಂಬುಕ್ ಆಯ್ಲ್ಯಾ?" ಅವಳು ಬ್ಯಾಗನ್ನು ಜಗಲಿಗೆ ಎಸೆದಳು. "ನಾಡಿದ್ ನೀನ್ ಅಲ್ಲಿಗ್ ಬಪ್ಪುಕಾಗ."

ಗುಜರಿಯ ಲಾರಿ ಸಿಗಲಿಲ್ಲ. ಕುಂದಾಪುರದ ಅಂಗಡಿಗಳಲ್ಲಿ ಆ ಹಳೆಯ ಗೇರೂ ಸಿಗಲಿಲ್ಲ. ಮೊದಲ ಮೂವರಿಗೆ ರಾಜ್ಯಮಟ್ಟಕ್ಕೆ ಅವಕಾಶ, ಈ ವರ್ಷ ತಪ್ಪಿದರೆ ಅವಳ ವಯಸ್ಸಿನ ಮಿತಿ ಮುಗಿಯುತ್ತಿತ್ತು. ಎರಡು ದಿನ ಅವಳು ಅಪ್ಪ ಬಡಿಸಿದ್ದನ್ನು ಮುಟ್ಟಲಿಲ್ಲ.

ನಾವುಂದದಲ್ಲಿ ರೇಸು ಹೊರಡುವ ಮೊದಲು ತೀರ್ಪುಗಾರರು ಎರಡೆರಡು ಸಲ ಹೇಳಿದರು: ಹೊರಗಿನವರು ಸೈಕಲ್ ಮುಟ್ಟಿದರೆ ಸ್ಪರ್ಧಿ ಔಟ್. ಧನ್ಯಶ್ರೀ ಸಿಟ್ಟಿನಲ್ಲೇ ತುಳಿದಳು. ಅಪ್ಪನನ್ನು ಬೈಯುತ್ತ ತುಳಿದಳು. ಯಡ್ತರೆ ದಾಟುವಾಗ ಅವಳ ಮುಂದಿದ್ದವರು ಇಬ್ಬರೇ.

ಒತ್ತಿನೆಣೆಯ ಏರಿನಲ್ಲಿ ಸೈಕಲ್ಲಿಗೆ ಕಲ್ಲು ಕಟ್ಟಿದಂತಾಯಿತು. ಸೀಟು ಬಿಟ್ಟೆದ್ದು, ಇಡೀ ಮೈಭಾರವನ್ನು ಪೆಡಲಿನ ಮೇಲೆ ಹಾಕಿದಳು. ಹೊಲಿಗೆಯ ಜಾಗ ಉರಿಯಿತು. ಹಿಂದೆ ನಾಲ್ಕನೆಯವಳು ಗೇರ್ ಇಳಿಸುವ ಸದ್ದು ಕೇಳಿಸಿತು. ಆದರೆ ಕೊನೆಯ ಗೆರೆ ಕಾಣುತ್ತಿತ್ತು. ಇನ್ನು ಐವತ್ತು ಮಾರು. ನಿಧಾನವಾದರೂ ಸೈಕಲ್ ಹತ್ತುತ್ತಿತ್ತು, ಅವಳ ಕಾಲಲ್ಲಿ ಬಲ ಉಳಿದಿತ್ತು.

ಬೇಡವೆಂದರೂ ಬೆಳಗಿನ ಬಸ್ಸಿಗೇ ಬಂದಿದ್ದ ಪಾಂಡು ಮಳೆಯಲ್ಲಿ ರಸ್ತೆ ಬದಿ ನಿಂತಿದ್ದ. ದೋಣಿಯನ್ನು ದಡಕ್ಕೆ ಎಳೆಯುವಾಗ ಗಂಗೊಳ್ಳಿಯಲ್ಲಿ ಯಾರೂ ನೋಡುತ್ತ ನಿಲ್ಲುವುದಿಲ್ಲ. ಕಂಡವರೆಲ್ಲ 'ಐಸಾ' ಎನ್ನುತ್ತ ಓಡಿಬಂದು ಭುಜ ಕೊಡುತ್ತಾರೆ, ಕರೆಯಲಿ ಎಂದು ಕಾಯುವುದಿಲ್ಲ. ಮಗಳ ಸೈಕಲ್ ನಿಂತೇಬಿಟ್ಟಿತೆಂದು ಅವನಿಗೆ ಅನಿಸಿದ್ದೇ ತಡ, ಪಾಂಡು ಕೊಡೆ ಬಿಸಾಡಿ ಓಡಿದ. ಸೀಟಿಗೆ ಎರಡೂ ಕೈ ಕೊಟ್ಟು ಹಿಂದಿನಿಂದ ನೂಕತೊಡಗಿದ.

"ಐಸಾ ಮಗಾ! ಐಸಾ!"

"ಅಪ್ಪ, ಮುಟ್ಬೇಡ! ಕೈ ತೆಗಿ! ಕೈ ತೆಗಿ ಅಂದೆ!"

ಅವನಿಗೆ ತನ್ನ ಕೂಗಿನಲ್ಲಿ ಏನೂ ಕೇಳಿಸಲಿಲ್ಲ. ತೀರ್ಪುಗಾರರ ಸೀಟಿ ಕೂಗಿತು, ಕೆಂಪು ಬಾವುಟ ಮೇಲೆದ್ದಿತು. ನಾಲ್ಕನೆಯವಳು ಪಕ್ಕದಿಂದ ದಾಟಿಹೋದಳು. ಸಿಟ್ಟಿಗೆ ಧನ್ಯಶ್ರೀಗೆ ಅಳುವೇ ಬಂತು. ಅವಳು ಎರಡೂ ಕಾಲನ್ನು ಪೆಡಲಿನಿಂದ ತೆಗೆದು ಗಾಳಿಯಲ್ಲಿ ಇಳಿಬಿಟ್ಟಳು.

ಸೈಕಲ್ ನಿಲ್ಲಲಿಲ್ಲ. ಮೊದಲಿಗಿಂತ ಜೋರಾಗಿ ಏರು ಹತ್ತುತ್ತಿತ್ತು.